ಕೆಂಡ್ರಿ ಎಂದವನು ಯಾರು?

"ಇನ್ನೊಂದು ಸಲ ಹಾಕು," ಎಂದಳು ಹೆಸ್ಟರ್ ಪಿಮ್.

"ಇನ್ನೆಷ್ಟು ಸಲ ಮಾರಾಯ್ತಿ? ಟೇಪು ಸವೆದು ಹೋಗತ್ತೆ," ಎಂದು ಗೊಣಗಿದರೂ ಡಾಟ್ ಕ್ವಿಲ್ಟರ್ ಟೇಪಿನ ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ಮಾರ್ಲ್‌ಬ್ರಿಜ್ ಠಾಣೆಯ ಕಂಟ್ರೋಲ್ ರೂಮಿನಲ್ಲಿ ಊಟದ ಹೊತ್ತಿಗೆ ಉಳಿದವರು ಅವರಿಬ್ಬರೇ. ಡಾಟ್ ತುರ್ತು ಕರೆಗಳನ್ನು ಎತ್ತಿಕೊಳ್ಳುವವಳು. ಹೆಸ್ಟರ್ ಪತ್ತೇದಾರಿ ವಿಭಾಗದ ಸಾರ್ಜೆಂಟ್.

ಟೇಪು ಒಂದಷ್ಟು ಕರಕರ ಎಂದಿತು. ಆಮೇಲೆ ಬಾಯಿಗೆ ಬಟ್ಟೆ ಅಡ್ಡ ಹಿಡಿದಂತಿದ್ದ ಗಂಡು ದನಿ ಕೇಳಿಸಿತು.

"ಪೊಲೀಸಾ? ಒಬ್ಬ ಹೆಂಗಸು ಬಿದ್ದಿದಾಳೆ, ರಸ್ತೆ ಮೇಲೆ... ಕೆಂಡ್ರಿ ಕೈಕಂಬದ ಹತ್ರ. ಮಾರ್ಲ್‌ಬ್ರಿಜ್ ರಸ್ತೆ, ಗಿರಣಿ ದಾಟಿದ್ ಮೇಲೆ. ಕಾಲು ಮುರ್ದಿದೆ. ಬೇಗ ಆಂಬುಲೆನ್ಸ್ ಕಳ್ಸಿ... ನಾನಾ? ನಾನು ಲಾರಿ ಡ್ರೈವರು. ಹೀಗೇ ಹಾದು ಹೋಗ್ತಿದ್ದೆ. ಈ ಸೀಮೆಯೋನೇ ಅಲ್ಲ."

ಕಟಕ್. ಫೋನ್ ಇಟ್ಟ ಸದ್ದು.

ಮಿಸ್ ಅರ್ಸುಲಾ ಸ್ಕಾಡಿಂಗ್, ಹೆಸ್ಟರ್ ಹುಟ್ಟಿದ ಊರಿನ ದಾರಿ ತೋರುವ ಕೈಕಂಬದ ಬುಡದಲ್ಲಿ ಹೆಣವಾಗಿ ಸಿಕ್ಕಿ ಒಂದು ವಾರವಾಗಿತ್ತು. ಗುದ್ದಿ ಓಡಿಹೋದವನು ಎಂದು ಟ್ರಾಕ್ಟರ್ ರಿಪೇರಿಯ ಐವರ್ ಲಗ್ ಎಂಬುವನನ್ನು ಹಿಡಿದು ತಂದಿದ್ದರು. ನಾಳೆ ಬೆಳಿಗ್ಗೆ ಅವನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಿತ್ತು.

ಹೆಸ್ಟರ್‌ಳ ಕೈಯಲ್ಲಿ ಅದೇ ಕರೆಯ ಟೈಪು ಪ್ರತಿ ಇತ್ತು. ವಾರವಿಡೀ ಅವಳು ನೋಡಿದ್ದು ಅದನ್ನೇ. 'ಕೆನ್‌ವರ್ಡ್ಸ್‌ಲೀ ಕೈಕಂಬದ ಬಳಿ ಹೆಂಗಸೊಬ್ಬಳು ಬಿದ್ದಿದ್ದಾಳೆ. ಕರೆ ಮಾಡಿದವನು ದಾರಿಹೋಕ ಲಾರಿ ಚಾಲಕ.' ಅಷ್ಟೇ.

"ಅವನು ಕೆಂಡ್ರಿ ಅಂದ ಕಣೇ ಡಾಟ್."

"ಅಂದ. ನಾನೂ ಹಂಗೇ ಟೈಪ್ ಮಾಡಿದ್ದೆ. ಇನ್‌ಸ್ಪೆಕ್ಟರ್ ಗಾರ್ಸೈಡ್ ನೋಡಿ ಕೆಂಪು ಗೀಟು ಎಳೆದ್ರು. 'ಭೂಪಟದಲ್ಲಿ ಇಲ್ಲದಿರೋ ಊರನ್ನ ಕೋರ್ಟಿಗೆ ಕಳಿಸ್ತೀಯಾ? ಬೋರ್ಡಲ್ಲಿ ಹೇಗಿದೆಯೋ ಹಾಗೆ ಬರಿ' ಅಂತ ತಾವೇ ಪೂರ್ತಿ ತಿದ್ದಿ ಕೊಟ್ರು. ನಾನು ಬೇರೆ ಹಾಳೇಲಿ ಹೊಡೆದುಕೊಟ್ಟೆ. ಅದಕ್ಕೆ ಯಾಕೆ ಹಿಂಗೆ ಕೆಂಪಗಾಗ್ತಿದೀಯ?"

"ಯಾಕೆ ಅಂದ್ರೆ ಹಾದು ಹೋಗೋನು ಯಾವನೂ ನಮ್ಮೂರನ್ನ ಕೆಂಡ್ರಿ ಅನ್ನಲ್ಲ!" ಹೆಸ್ಟರ್ ಮೇಜಿಗೆ ಗುದ್ದಿದ ರಭಸಕ್ಕೆ ಚಹಾದ ಲೋಟ ತುಳುಕಿತು. "ಬಸ್ಸಿನ ಮೇಲೆ ಆ ಹೆಸರಿಲ್ಲ. ಅಂಚೆ ಮುದ್ರೆ ಮೇಲಿಲ್ಲ. ಹೊರಗಿನೋರೆಲ್ಲ ಬೋರ್ಡು ಓದಿಕೊಂಡು ಕೆನ್‌ವರ್ಡ್ಸ್‌ಲೀ ಅಂತಾರೆ. ಕೆಂಡ್ರಿ ಅನ್ನೋರು ಅಲ್ಲಿ ಹುಟ್ಟಿದೋರು ಮಾತ್ರ. ಅದೂ ಗಾಬರಿ ಆದಾಗ, ಕುಡಿದಾಗ, ಇಲ್ಲ ತಾಯಿ ಹತ್ರ ಮಾತಾಡುವಾಗ. ಶಾಲೇಲಿ ಆ ಮಾತು ಬಾಯಿಗೆ ಬಂದ್ರೆ ನಮಗೆ ಬೆತ್ತದ ಏಟು ಬೀಳ್ತಿತ್ತು."

ಡಾಟ್ ಬಾಯಿ ಬಿಟ್ಟುಕೊಂಡು ನೋಡಿದಳು. "ಅಂದ್ರೆ ಲಾರಿ ಡ್ರೈವರ್..."

"ಲಾರಿಯೂ ಇಲ್ಲ, ಡ್ರೈವರೂ ಇಲ್ಲ. ನಮ್ಮೂರೋನೇ ಯಾವನೋ ಅವರ ಪಕ್ಕ ನಿಂತಿದ್ದ. ನಿಂತಿದ್ದು, ಇವತ್ತಿನವರೆಗೂ ಬಾಯಿ ಮುಚ್ಚಿಕೊಂಡು ಕೂತಿದಾನೆ."

ಮೆಟ್ಟಿಲಿಳಿಯುವಾಗ ಲಾಕಪ್ಪಿನ ಕಂಬಿಗಳ ಹಿಂದಿನಿಂದ ಐವರ್ ಕರೆದ. ಎತ್ತಿನಂಥ ಗಟ್ಟಿ ಆಳು, ಒಂದು ವಾರದಲ್ಲಿ ಅರ್ಧಕ್ಕೆ ಇಳಿದಿದ್ದ.

"ಹೆಸ್ಟರ್, ನನ್ ವ್ಯಾನಿನ ಮಡ್‌ಗಾರ್ಡ್ ನಜ್ಜಿರೋದು ಹ್ಯಾಲೆಟ್ ಹೊಲದ ಗೇಟಿಗೆ ತಾಗಿ. ಬೇಸಿಗೇಲೇ ಆಗಿದ್ದು. ಊರಿಗೆಲ್ಲ ಗೊತ್ತು. ಯಾರೂ ಬಂದು ಹೇಳ್ತಿಲ್ವಲ್ಲೇ."

"ಹೇಳಿಸ್ತೀನಿ ಕಣೋ. ಊಟ ಮಾಡು ಮೊದಲು. ತಟ್ಟೆ ಹಾಗೇ ಇದೆ ನೋಡು."

"ಮಿಸ್ ಸ್ಕಾಡಿಂಗ್‌ಗೆ ನಾನು ಬೈದಿದ್ದು ನಿಜ. ಸೈಕಲ್ ರಿಪೇರಿ ವಿಷಯಕ್ಕೆ. ಆಮೇಲೆ ಅವರೇ ಬಂದು ಸೇಬಿನ ಕಡುಬು ಕೊಟ್ಟೋದ್ರು. ಅವರನ್ನ ನಾನು ಯಾಕೆ..." ಅವನು ತೋಳಿನಿಂದ ಕಣ್ಣೊರೆಸಿಕೊಂಡ.

ಹೊರಬಾಗಿಲಲ್ಲಿ ಇನ್‌ಸ್ಪೆಕ್ಟರ್ ಲಯೊನೆಲ್ ಗಾರ್ಸೈಡ್ ಎದುರಾದ. ಉತ್ತರದ ಕಡೆಯಿಂದ ವರ್ಗವಾಗಿ ಬಂದವನು. ಎತ್ತರದ, ನುಣ್ಣಗೆ ಕ್ಷೌರ ಮಾಡಿದ, ಯಾವತ್ತೂ ದನಿ ಏರಿಸದ ಮನುಷ್ಯ. ಅವನು ಆಗ ತಾನೆ ಠಾಣೆಯ ಹಳೇ ವ್ಯಾನಿನಿಂದ ಇಳಿದಿದ್ದ.

"ಎಲ್ಲಿಗೆ ಸಾರ್ಜೆಂಟ್?"

"ಊರಿಗೆ, ಸರ್."

"ಈ ಕೇಸಿಂದ ದೂರ ಇರು ಅಂದಿದ್ದೆ. ಸತ್ತವರು ನಿನ್ನ ಸಾಕಿದೋರ ಥರ ಅಂತ ನೀನೇ ಹೇಳಿದೀಯ. ದುಃಖದಲ್ಲಿ ಕಣ್ಣು ಮಂಜಾಗತ್ತೆ. ನಾಲ್ಕು ದಿನ ರಜೆ ತಗೋ."

"ತಗೊಂಡೆ ಸರ್, ಇವತ್ತಿಂದಲೇ," ಎಂದು ಹೆಸ್ಟರ್ ತನ್ನ ಮಿನಿ ಕಾರಿನ ಬಾಗಿಲು ದಢಾರನೆ ಎಳೆದುಕೊಂಡಳು.

*

ಗಿರಣಿ ದಾಟಿದ ಮೇಲೆ ರಸ್ತೆ ಬೇಲಿಗಳ ನಡುವೆ ಇಕ್ಕಟ್ಟಾಗುತ್ತದೆ. ಕೈಕಂಬದ ಹತ್ತಿರ ಅವಳು ಕಾರು ನಿಲ್ಲಿಸಿ ಇಳಿದಳು. ಬುಡದಲ್ಲಿ ಊರವರು ಇಟ್ಟ ಹೂವುಗಳು ಒಣಗಿ ಕಂದಾಗಿದ್ದವು.

ಮೇಲೆ ಊರಿನ ಹೆಸರಿನ ಹಲಗೆ. ಅರ್ಧ ಅಕ್ಷರಗಳು ಮಾಯವಾಗಿದ್ದವು. ಸಾಯುವ ಸಂಜೆ ಮಿಸ್ ಸ್ಕಾಡಿಂಗ್ ಪುಟ್ಟ ಏಣಿಯೊಂದನ್ನು ಒರಗಿಸಿಕೊಂಡು, ಬಣ್ಣ ಕೆರೆಯುವ ಉಳಿ ಹಿಡಿದು, 'ಕೆನ್‌ವರ್ಡ್' ಎಂಬ ಭಾಗವನ್ನು ಮರ ಕಾಣುವಂತೆ ಕೆರೆದು ಹಾಕಿದ್ದರು. ಎಪ್ಪತ್ತು ದಾಟಿದ ಹೆಂಗಸು. ಊರಿನ ಸಭೆಯಲ್ಲಿ ಮೂರು ವರ್ಷ ಕೇಳಿ ಕೇಳಿ ಸಾಕಾಗಿ ತಾವೇ ಕೈ ಹಾಕಿದ್ದರು.

ಅವರು ಕೇಳುತ್ತಿದ್ದುದು ದೊಡ್ಡದೇನಲ್ಲ. ಊರ ಮೈದಾನದ ಕಲ್ಲಿನ ಮೇಲೆ 'ಈ ಊರು ವೀರ ಕೆನ್‌ವರ್ಡ್ ಕಟ್ಟಿದ್ದು' ಎಂದು ಕೊರೆದಿದೆ. ಅದು ಸುಳ್ಳು. ಸಾವಿರ ವರ್ಷದ ಹಿಂದೆ ಕಾಡು ಕಡಿಸಿ ಇಲ್ಲಿ ಬಯಲು ಮಾಡಿಸಿದವಳು ಕಿನೆತ್ರಿತ್ ಎಂಬ ಹೆಂಗಸು. ಅವಳ 'ಲೀ', ಅಂದರೆ ಅವಳ ಬಯಲು, ಎಂಬುದೇ ನಾಲಗೆಯ ಮೇಲೆ ಉರುಳಿ ಉರುಳಿ ಕೆಂಡ್ರಿಯಾಯಿತು. ದೊಡ್ಡಮನೆಯ ಜಮೀನ್ದಾರರು, ಈಗಿನ ಕೆನ್‌ವರ್ಡ್‌ಗಳು, ಬಂದ ಮೇಲೆ ತಮ್ಮ ಹೆಸರು ಬರುವ ಹಾಗೆ ಬೋರ್ಡು ಬರೆಸಿದರು. ಊರವರ ಬಾಯಿ ಮಾತ್ರ ಬದಲಾಗಲಿಲ್ಲ.

ಊರೂರಿಗೆ ಗ್ರಂಥಾಲಯದ ಪುಸ್ತಕದ ವ್ಯಾನು ಓಡಿಸುತ್ತಿದ್ದ ಮಿಸ್ ಸ್ಕಾಡಿಂಗ್ ಇದನ್ನು ಹೆಸ್ಟರ್‌ಗೆ ಹೇಳಿದ್ದು ಅವಳು ಎಂಟು ವರ್ಷದವಳಿದ್ದಾಗ. ದೊಡ್ಡಮನೆಯ ಅಡುಗೆಯವಳ ಮಗಳು, ಕೆಂಡ್ರಿ ಎಂದದ್ದಕ್ಕೆ ಏಟು ತಿಂದು ವ್ಯಾನಿನ ಹಿಂದೆ ಅಳುತ್ತ ಕೂತಿದ್ದಳು. "ಅಳಬೇಡ ಕಂದಾ. ನೀನು ಸರಿಯಾಗಿ ಹೇಳಿದೀಯ. ಬೋರ್ಡೇ ತಪ್ಪಾಗಿ ಹೇಳ್ತಿದೆ," ಎಂದಿದ್ದರು ಅವರು.

ಹೆಸ್ಟರ್ ರಸ್ತೆಯಂಚಿನ ಜಲ್ಲಿಯನ್ನು ನೋಡುತ್ತ ನಿಂತಳು. ಎರಡು ಗಾಯ ಎಂದಿದ್ದರು ಡಾಕ್ಟರು. ಕಾಲಿನದು ಕಾರು ಗುದ್ದಿದ್ದು. ತಲೆಯ ಹಿಂದಿನದು ಬಿದ್ದಾಗ ಕಲ್ಲಿಗೆ ಬಡಿದದ್ದು ಎಂದು ಬರೆದುಕೊಂಡಿದ್ದ ಗಾರ್ಸೈಡ್.

ಆದರೆ ಶವಾಗಾರದಲ್ಲಿ ಆ ಬಿಳಿಕೂದಲನ್ನು ಸರಿಮಾಡಲು ಹೋದಾಗ ಹೆಸ್ಟರ್‌ಳ ಬೆರಳಿಗೆ ಏನೋ ಸಿಕ್ಕಿತ್ತು. ಉಣ್ಣೆಯ ಎಳೆಗಳು. ಹಸಿರು, ಒರಟು, ದಪ್ಪ ಎಳೆಗಳು. "ಅವರ ಮಫ್ಲರ್‌ದೇ ಇರತ್ತೆ, ಬಿಡು," ಎಂದಿದ್ದ ಗಾರ್ಸೈಡ್. ಅವರ ಮಫ್ಲರ್ ಕೆಂಪು. ಅದನ್ನು ಹೆಣೆದುಕೊಟ್ಟವಳು ಹೆಸ್ಟರ್‌ಳ ತಾಯಿ.

ಹಸಿರು ಒರಟು ಉಣ್ಣೆ. ಊರಲ್ಲಿ ಹುಟ್ಟಿದ ಗಂಡಸು. ತನ್ನ ಹೆಸರು ಹೇಳಲು ಹೆದರಿ ಬಾಯಿಗೆ ಬಟ್ಟೆ ಹಿಡಿದವನು.

ಭಾನುವಾರ ಇಗರ್ಜಿಯಲ್ಲಿ ಕಂಡದ್ದು ಅವಳಿಗೆ ನೆನಪಾಯಿತು. ದೊಡ್ಡಮನೆಯ ಕರ್ನಲ್ ಮೈಲ್ಸ್ ಕೆನ್‌ವರ್ಡ್ ಮುಂದಿನ ಸಾಲಿನಲ್ಲಿ ತೆಳ್ಳನೆ ಕಪ್ಪು ಮಳೆಕೋಟು ತೊಟ್ಟು, ಚಳಿಗೆ ಕೈ ಉಜ್ಜಿಕೊಳ್ಳುತ್ತ ಕೂತಿದ್ದ. ಇಪ್ಪತ್ತು ಚಳಿಗಾಲ ಒಂದೇ ಹಸಿರು ಕೋಟು ತೊಟ್ಟ ಮನುಷ್ಯ. ತೊಟ್ಟುಕೊಂಡೇ ಹುಟ್ಟಿರಬೇಕು ಎಂದು ಪಬ್ಬಿನಲ್ಲಿ ಸೈಡರ್ ಕುಡಿಯುವವರೆಲ್ಲ ನಗುತ್ತಿದ್ದ ಕೋಟು.

ಹೆಸ್ಟರ್ ಕಾರನ್ನು ದೊಡ್ಡಮನೆಯ ಕಡೆ ತಿರುಗಿಸಿದಳು.

*

"ಪಿಮ್ ಮಗಳಲ್ವಾ ನೀನು? ಅಡುಗೆಮನೆ ಬಾಗಿಲು ಆ ಕಡೆ," ಎಂದ ಕರ್ನಲ್, ಕುರ್ಚಿಯಿಂದ ಏಳದೆ.

"ಗೊತ್ತು ಕರ್ನಲ್. ಹದಿನೈದು ವರ್ಷ ಆ ಬಾಗಿಲಲ್ಲೇ ಓಡಾಡಿದೀನಿ. ಇವತ್ತು ನಾನು ಪಾತ್ರೆ ತೊಳೆಯೋಕೆ ಬಂದಿಲ್ಲ."

ಅವಳನ್ನು ಒಳಗೆ ಕರೆತಂದ ಮಿಸೆಸ್ ಕೆನ್‌ವರ್ಡ್ ಗಂಡನ ಮುಖ, ಇವಳ ಮುಖ ನೋಡಿ, ಚಹಾ ತರುತ್ತೇನೆ ಎಂದು ಮೆಲ್ಲಗೆ ಜಾರಿಕೊಂಡಳು. ಒಲೆಯ ಮುಂದೆ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ಮುಚ್ಚಿತು. ಗೋಡೆಯ ಮೇಲಿಂದ ತಲೆಮಾರುಗಳ ಕೆನ್‌ವರ್ಡ್‌ಗಳು ಚಿನ್ನದ ಕಟ್ಟಿನೊಳಗೆ ಮೂಗು ಮೇಲೆ ಮಾಡಿಕೊಂಡು ನಿಂತಿದ್ದರು.

"ನಿಮ್ಮ ಹಸಿರು ಕೋಟು ಎಲ್ಲಿ?"

"ಏನು?"

"ಕೋಟು. ಹಸಿರುದು. ಮೊಣಕೈಗೆ ತೊಗಲಿನ ತೇಪೆ ಇರೋದು."

"ಹುಳ ತಿಂದಿತ್ತು. ಬಿಸಾಕಿದೆ. ನಿಮ್ಮ ಇಲಾಖೆಗೆ ಈಗ ದರ್ಜಿ ಕೆಲಸಾನೂ ಬಂತಾ?"

"ಯಾವತ್ತು ಬಿಸಾಕಿದ್ರಿ? ಮಿಸ್ ಸ್ಕಾಡಿಂಗ್ ಸತ್ತ ಸಂಜೆ? ಇಲ್ಲ ಮಾರನೇ ದಿನ?"

ಕರ್ನಲ್‌ನ ಬಿಳಿ ಮೀಸೆ ಅದುರಿತು. "ಎದ್ದು ಹೋಗು. ಗಾರ್ಸೈಡ್‌ಗೆ ಫೋನ್ ಮಾಡಿದ್ರೆ ನಾಳೆ ನಿನ್ನ ಕೆಲಸ ಇರಲ್ಲ."

"ಮಾಡಿ. ಅದಕ್ಕೆ ಮುಂಚೆ ಒಂದು ವಿಷಯ ಕೇಳಿ. ಅವತ್ತು ಒಬ್ಬ ಲಾರಿ ಡ್ರೈವರ್ ನಮಗೆ ಫೋನ್ ಮಾಡಿದ್ದ. ಈ ಸೀಮೆಯೋನೇ ಅಲ್ಲ ಅಂದ. ಆದರೆ ಊರಿನ ಹೆಸರು ಹೇಳುವಾಗ ಕೆಂಡ್ರಿ ಅಂದ."

"ಆ ಹರಕು ಮಾತನ್ನ ನನ್ನ ಮನೇಲಿ ಆಡಬೇಡ."

"ಹರಕೇನಿದೆ ಅದರಲ್ಲಿ? ಒಬ್ಬ ಹೆಂಗಸಿನ ಹೆಸರು."

"ಈ ಊರು ಕೆನ್‌ವರ್ಡ್ಸ್‌ಲೀ! ನನ್ನ ಬಾಯಲ್ಲಿ ಬೇರೆ ಹೆಸರು ಬಂದಿದ್ದನ್ನ ಕೇಳಿದೋರು ಇದ್ರೆ ಕರಕೊಂಡು ಬಾ. ಇಡೀ ಊರಿಗೆ ಗೊತ್ತು. ಕರೆ ಮಾಡಿದೋನು ಕೆಂಡ್ರಿ ಅಂದಿದ್ರೆ, ಅವನು ಯಾರಾದ್ರೂ ಆಗಿರಬಹುದು, ನಾನಂತೂ ಅಲ್ಲ." ಅವನು ಹಿಂದಕ್ಕೆ ಒರಗಿದ. ಗೆದ್ದವನ ಒರಗುವಿಕೆ ಅದು.

ನಿಜ, ಯಾರೂ ಕೇಳಿರಲಿಲ್ಲ. ಕೋಟಿನ ಎಳೆಗಳನ್ನು ಗಾರ್ಸೈಡ್ ಕಡತಕ್ಕೂ ಸೇರಿಸಿರಲಿಲ್ಲ. ಇವನು ಹೀಗೇ ಒರಗಿ ಕೂತರೆ ನಾಳೆ ಐವರ್ ಹೋದ ಹಾಗೆಯೇ.

ಅವಳು ಗೋಡೆಯತ್ತ ನಡೆದಳು. ಎಲ್ಲಕ್ಕಿಂತ ಹಳೆಯ ಚಿತ್ರದ ಮುಂದೆ ನಿಂತಳು. ದಪ್ಪ ಕೆನ್ನೆ, ಸಣ್ಣ ಕಣ್ಣು.

"ಇವರ ಹೆಸರೇನು ಕರ್ನಲ್?"

"ಟೋಬಿಯಾಸ್ ಕೆನ್‌ವರ್ಡ್."

"ಟೋಬಿಯಾಸ್ ಬಡ್ಜ್," ಎಂದಳು ಹೆಸ್ಟರ್. "ಬ್ರಿಸ್ಟಲ್‌ನಲ್ಲಿ ತೊಗಲು ಹದ ಮಾಡ್ತಿದ್ದ ಬಡ್ಜ್. ಜಮೀನು ಕೊಂಡ, ಮನೆ ಕೊಂಡ. ಮೈಗಂಟಿದ ವಾಸನೆ ಹೋಗಲಿಲ್ಲ ಅಂತ ಹೆಸರನ್ನೂ ಬದಲಾಯಿಸಿಕೊಂಡ. ಸಭೇಲಿ ಮಿಸ್ ಸ್ಕಾಡಿಂಗ್ ಅದನ್ನ ಹೇಳಿದಾಗ ನೀವು ಎದ್ದು ಹೋಗಿಬಿಟ್ರಿ. ಪೂರ್ತಿ ಕೇಳಬೇಕಿತ್ತು. ಊರು ನಿಮ್ಮ ಹೆಸರಿಟ್ಟುಕೊಂಡಿಲ್ಲ. ನೀವೇ ಊರಿನ ಹೆಸರು ಕದ್ದಿದೀರಿ. ಅದನ್ನೂ ನೆಟ್ಟಗೆ ಕದಿಯೋಕೆ ಬರಲಿಲ್ಲ ನಿಮಗೆ, ಕೆಂಡ್ರಿ ಹೋಗಿ ಕೆನ್‌ವರ್ಡ್ ಆಯ್ತು."

"ಬಾಯಿ ಮುಚ್ಚು."

"ನಮ್ಮಮ್ಮ ಈ ಮನೇಲಿ ಕೈ ಸುಟ್ಟುಕೊಂಡ್ಲು. ನಮ್ಮಜ್ಜಿ ಈ ಮನೆ ಮಕ್ಕಳನ್ನ ಎತ್ತಿ ಆಡಿಸಿದ್ಲು. ನಮ್ಮ ಕಡೆ ಹೆಣಗಳು ಇಗರ್ಜಿ ಅಂಗಳದಲ್ಲಿ ಒಂದರ ಮೇಲೊಂದು ಮಲಗಿವೆ. ಈ ಊರು ನಮ್ಮದು. ನೀವು ಬಾಡಿಗೆಗೆ ಬಂದು ಬೋರ್ಡು ಬದಲಾಯಿಸಿದೋರು. ನಿಮಗೂ ಈ ಮಣ್ಣಿಗೂ ಏನು ಸಂಬಂಧ ಮಿಸ್ಟರ್ ಬಡ್ಜ್?"

ಕರ್ನಲ್ ಎದ್ದ. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿದ್ದ ಹೊಗೆ ಸೇದುವ ಪೈಪು ಕೆಳಗೆ ಬಿದ್ದು ನಾಯಿ ಬೆಚ್ಚಿ ಸರಿಯಿತು.

"ಸಂಬಂಧ? ನನಗೆ ಸಂಬಂಧ ಹೇಳಿಕೊಡ್ತೀಯಾ ನೀನು? ನಾನು ಹುಟ್ಟಿದ್ದು ಇಲ್ಲಿ! ನನ್ನ ತಮ್ಮನ್ನ ಹೂತಿದ್ದು ಇಲ್ಲಿ! ಯುದ್ಧದಲ್ಲಿ, ಮರಳುಗಾಡಲ್ಲಿ, ಹೊಟ್ಟೆಗೆ ಗುಂಡು ಬಿದ್ದು ಮೂರು ದಿನ ಬಿದ್ಕೊಂಡಿದ್ದಾಗ ನಾನು ನೆನೆಸಿಕೊಂಡಿದ್ದು ಯಾವ ಊರನ್ನ ಅಂದ್ಕೊಂಡಿದೀಯ? ಕೆಂಡ್ರಿ ನಿಮ್ಮಪ್ಪಂದಾ? ಆ ಮುದುಕಿ ಒಬ್ಬಳದೇನಾ? ಕೆಂಡ್ರಿ ನಂದೂ ಹೌದು! ನಂದೂ ಕೆಂಡ್ರೀನೇ!"

ಹೆಸ್ಟರ್ ಗೋಡೆಯಿಂದ ಅವನ ಕಡೆ ತಿರುಗಿದಳು.

ಅದೇ ದನಿ. ಬಟ್ಟೆ ಅಡ್ಡವಿಲ್ಲದೆ, ಅದೇ ಏರು, ಅದೇ ಇಳಿತ.

ಕರ್ನಲ್ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ. ನಿಧಾನಕ್ಕೆ ಕುಸಿದು ಕೂತ. ಕೂತವನು ಇದ್ದಕ್ಕಿದ್ದಂತೆ ಬಹಳ ಮುದುಕನಾಗಿ ಕಂಡ.

"ನಿಮ್ಮಜ್ಜಿ," ಎಂದ. "ಅವಳೇ ಕಲಿಸಿದ್ದು. ತೊಡೆ ಮೇಲೆ ಕೂರಿಸಿಕೊಂಡು. ನಮ್ಮಪ್ಪನಿಗೆ ಕೇಳಿಸಬಾರದು ಅಂತ ಪಿಸುಗುಡ್ತಿದ್ಲು."

"ನೀವೇ ಗುದ್ದಿದ್ದಾ?"

"ಇಲ್ಲ!"

"ಐವರ್ ಲಗ್ ಒಂದು ವಾರದಿಂದ ಕಂಬಿ ಹಿಂದೆ ಅಳ್ತಾ ಇದಾನೆ. ನಿಮಗೆ ಅನ್ನ ಗಂಟಲಲ್ಲಿ ಇಳೀತಿದೆಯಾ? ನೀವು ಒಂದು ಮಾತು ಹೇಳಿದ್ರೆ ಅವನು ಮನೇಲಿರ್ತಿದ್ದ. ಒಂದೇ ಮಾತು! ಅವರ ಮೇಲಿನ ಹಗೆಗೆ ಅವರು ಸತ್ತ ಮೇಲೂ ಸುಳ್ಳು ಹೇಳಿದ್ರಲ್ಲ!"

"ಹಗೆ ಇತ್ತು. ಇಲ್ಲ ಅನ್ನಲ್ಲ," ಎಂದ ಕರ್ನಲ್. "ಅವಳು ಬೋರ್ಡು ಕೆರೀತಿದಾಳೆ ಅಂತ ಯಾರೋ ಹೇಳಿದ್ರು. ಬೈದು ಬರೋಣ ಅಂತ ನಡಕೊಂಡು ಹೋದೆ. ಹೋಗೋ ಹೊತ್ತಿಗೆ ಆಗಲೇ ಬಿದ್ದಿದ್ಲು. ಏಣಿ ಒಂದು ಕಡೆ, ಅವಳೊಂದು ಕಡೆ. ಕಾಲು ಮುರಿದಿತ್ತು. ಆದರೆ ಬಾಯಿ ಮುರಿದಿರಲಿಲ್ಲ."

"ಅಂದ್ರೆ?"

"ನನ್ನ ನೋಡಿ ನಕ್ಕಳು. 'ಬಾ ಬಡ್ಜ್, ಬೋರ್ಡು ನೋಡೋಕೆ ಬಂದ್ಯಾ? ಚೆನ್ನಾಗಿದೆಯಾ?' ಅಂದ್ಲು. ಕಾರು ಗುದ್ದಿ ಹಾಗೇ ಹೋಯ್ತು ಅಂದ್ಲು. ಕೋಟು ಬಿಚ್ಚಿ ಮಡಚಿ ಅವಳ ತಲೆ ಕೆಳಗಿಟ್ಟೆ. 'ನಿನ್ನ ಕೋಟಿನ ವಾಸನೆಗೇ ಸಾಯ್ತೀನಿ, ಮೊದಲು ಹೋಗಿ ಫೋನ್ ಮಾಡು' ಅಂತ ಅಟ್ಟಿದ್ಲು. ಸಭೇಲಿ ನಾನು ಅವಳಿಗೆ 'ನಿನ್ನ ಗತಿ ಕಾಣಿಸ್ತೀನಿ' ಅಂದಿದ್ದೆ, ಎಲ್ಲರ ಎದುರಿಗೆ. ನಾನೇ ಗುದ್ದಿದ್ದು ಅಂದುಬಿಟ್ರೆ ಅಂತ ಹೆದರಿಕೆ ಆಯ್ತು. ಅದಕ್ಕೇ ಆ ಲಾರಿ ಡ್ರೈವರ್ ನಾಟಕ. ಆದರೆ ಕಾಲು ಮುರಿದಿದೆ ಅಂತ ಸರಿಯಾಗಿ ಹೇಳಿದೆ. ಬೇಕಾದ್ರೆ ನಿಮ್ಮ ಕಾಗದ ನೋಡು."

ಹೆಸ್ಟರ್ ಕಾಗದ ನೋಡಬೇಕಾಗಿರಲಿಲ್ಲ. ಕಾಗದದಲ್ಲಿ ಕಾಲಿನ ಮಾತೇ ಇರಲಿಲ್ಲ. ಕೆಂಪು ಗೀಟಿನ ಕೆಳಗೆ ಊರಿನ ಹೆಸರಿನ ಜೊತೆ ಅದೂ ಹೋಗಿತ್ತು. ತಾನು ಹೆಸರಿನ ಸಿಟ್ಟಿನಲ್ಲಿ ಅದನ್ನು ಗಮನಿಸಿರಲೇ ಇಲ್ಲ.

ಗೀಟು ಎಳೆದದ್ದು ಗಾರ್ಸೈಡ್.

"ತಲೆಗೆ ಪೆಟ್ಟು?" ಎಂದಳು ಮೆಲ್ಲಗೆ.

"ತಲೆಗೆ ಪೆಟ್ಟೇ ಇರಲಿಲ್ಲ. ನಾನೇ ಎತ್ತಿ ಹಿಡಿದು ಕೋಟಿಟ್ಟೆನಲ್ಲ. ಒಂದು ಹನಿ ರಕ್ತ ಇರಲಿಲ್ಲ."

"ಫೋನ್ ಮಾಡಿ ಎಲ್ಲಿಗೆ ಹೋದ್ರಿ?"

"ವಾಪಸ್ ಬಂದೆ. ಅವಳೊಬ್ಬಳನ್ನೇ ಬಿಡೋಕೆ ಮನಸ್ಸು ಬರಲಿಲ್ಲ. ಬೇಲಿ ಹಿಂದೆ ನಿಂತೆ. ಕಾರು ಬಂತು." ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಗಾರ್ಸೈಡ್. ಒಬ್ಬನೇ. ತನ್ನ ಸ್ವಂತ ಕಾರಲ್ಲಿ. ಇನ್ನು ಹೆದರಿಕೆ ಇಲ್ಲ ಅಂದ್ಕೊಂಡೆ. ಹೊರಡೋಣ ಅಂತ ತಿರುಗಿದೆ. ಆಗ ಅವಳ ಮಾತು ಕೇಳಿಸ್ತು."

"ಏನಂದ್ರು?"

ಕರ್ನಲ್ ತುಟಿ ಒದ್ದೆ ಮಾಡಿಕೊಂಡ.

"'ಓ, ನೀನಾ? ಗುದ್ದಿ ಹೋದೋನು ಇಷ್ಟು ಬೇಗ ವಾಪಸ್ ಬಂದ್ಯಾ?' ಅಂದ್ಲು."

ಒಲೆಯಲ್ಲಿ ಸೌದೆಯೊಂದು ಸಿಡಿಯಿತು.

ಹೆಸ್ಟರ್ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ವಾರವಿಡೀ ಗಾರ್ಸೈಡ್ ಠಾಣೆಯ ಹಳೇ ವ್ಯಾನಿನಲ್ಲಿ ಓಡಾಡುತ್ತಿದ್ದ. ಸ್ವಂತ ಕಾರು ಸರ್ವೀಸಿಗೆ ಹೋಗಿದೆ ಎಂದಿದ್ದ. ಅದೇ ವಾರ ಅವನೇ ಐವರ್‌ನ ವ್ಯಾನಿನ ಮುಂದೆ ಮಂಡಿಯೂರಿ, ನಜ್ಜಿದ ಮಡ್‌ಗಾರ್ಡಿನ ಫೋಟೋ ತೆಗೆಸಿದ್ದ. ಅವಳೂ ಪಕ್ಕದಲ್ಲೇ ನಿಂತಿದ್ದಳು, ಸರ್ ಸರ್ ಎನ್ನುತ್ತ.

"ಆಮೇಲೆ?" ಎಂದಳು.

"ಆಮೇಲೆ ನಾನು ನೋಡಲಿಲ್ಲ. ದೇವರಾಣೆ ನೋಡಲಿಲ್ಲ. ಒಂದು ಸದ್ದು ಕೇಳಿಸ್ತು. ಮನೆಗೆ ಓಡಿಬಂದೆ."

"ಯುದ್ಧ ಮಾಡಿದ ಮನುಷ್ಯ ನೀವು."

"ಹೌದು," ಎಂದ ಕರ್ನಲ್. "ಆದ್ರೂ ಓಡಿದೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಹೊಡೆದರೆ ಮಾತು ನಿಂತುಹೋಗುತ್ತದೆ ಎಂದು ಕೈ ಕಟ್ಟಿಕೊಂಡಳು.

"ಕೋಟು ಅಲ್ಲೇ ಉಳೀತು. ಮತ್ತೆ?"

"ಮಾರನೇ ಬೆಳಿಗ್ಗೆ ಅವನೇ ತಂದುಕೊಟ್ಟ. ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ. ನನ್ನ ಹೆಂಡತಿ ಸಿಸಿಲಿ ಜೊತೆ ಕೂತು ಚಹಾ ಕುಡಿದ. ಹೊರಡುವಾಗ ನನ್ನ ಭುಜ ತಟ್ಟಿದ. 'ಫೋನ್ ಮಾಡಿದ್ದು ನೀನು ಅಂತ ನನಗೆ ಗೊತ್ತು ಮೈಲ್ಸ್. ಯಾರಿಗೂ ಹೇಳಲ್ಲ. ನೀನು ನನಗೆ, ನಾನು ನಿನಗೆ. ಕೋಟನ್ನ ಸುಡಬೇಡ, ತೊಡಬೇಡ, ಹಾಗೇ ಇಟ್ಟಿರು' ಅಂದ. ಬಿಚ್ಚಿ ನೋಡಿದೆ. ಒಳಗೆ..." ಮುಂದಿನದನ್ನು ಅವನು ಹೇಳಬೇಕಾಗಿರಲಿಲ್ಲ. ರಕ್ತ ಮಿಸ್ ಸ್ಕಾಡಿಂಗ್‌ರದು, ಕೋಟು ಕರ್ನಲ್‌ನದು. ಐವರ್ ತಪ್ಪಿಸಿಕೊಂಡರೆ ಕುಣಿಕೆಗೆ ಇನ್ನೊಂದು ಕುತ್ತಿಗೆ ಸಿದ್ಧವಾಗಿತ್ತು.

"ಎಲ್ಲಿದೆ?"

"ಹಜಾರದ ಬೀರುವಿನಲ್ಲಿ."

"ಹೋಗಿ ತನ್ನಿ. ಈಗಲೇ. ನನ್ನ ಜೊತೆ ಕಾರಲ್ಲಿ ಕೂತ್ಕೊಳ್ಳಿ. ಮಾರ್ಲ್‌ಬ್ರಿಜ್‌ಗಲ್ಲ, ಜಿಲ್ಲಾ ಪೊಲೀಸ್ ಕಚೇರಿಗೆ. ಇದೇ ಮಾತನ್ನ ಇದೇ ಥರ ಹೇಳಿ."

"ಅವನು ನನ್ನನ್ನ ಬಿಡ್ತಾನಾ ಹುಡುಗಿ?"

"ನಾನು ಬಿಡ್ತೀನಿ ಅಂದ್ಕೊಂಡ್ರಾ?"

ಅಂಗಳದ ಜಲ್ಲಿಕಲ್ಲಿನ ಮೇಲೆ ಗಾಲಿ ಉರುಳಿದ ಸದ್ದು. ಹೊರಗೆ ಮಿಸೆಸ್ ಕೆನ್‌ವರ್ಡ್‌ಳ ನಗು ಕೇಳಿಸಿತು. "ಬನ್ನಿ ಬನ್ನಿ ಲಯೊನೆಲ್, ಸರಿಯಾಗಿ ಚಹಾದ ಹೊತ್ತಿಗೆ ಬಂದ್ರಿ! ಫೋನ್ ಮಾಡಿದ ತಕ್ಷಣ ಬಂದುಬಿಟ್ರಲ್ಲ. ಆ ಹುಡುಗಿ ಒಳಗೇ ಇದಾಳೆ."

ಕರ್ನಲ್‌ನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

ಬಾಗಿಲು ತೆರೆದುಕೊಂಡಿತು. ಗಾರ್ಸೈಡ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಕಾಲೊರೆಸಿಕೊಂಡು ಒಳಗೆ ಬಂದ. ಎಂದಿನ ಹಾಗೆ ದನಿ ಮೆತ್ತಗಿತ್ತು.

"ರಜೆ ತಗೊಂಡೆ ಅಂದ್ಯಲ್ಲ ಸಾರ್ಜೆಂಟ್."

ಸುಮ್ಮನಿದ್ದು, ಏನೋ ನೆಪ ಹೇಳಿ, ಹೊರಗೆ ಹೋಗಿಬಿಡಬಹುದಿತ್ತು. ಜಾಣರಾದವರು ಹಾಗೆ ಮಾಡುತ್ತಿದ್ದರು. ಆದರೆ ಶವಾಗಾರದ ಬಿಳಿ ಕೂದಲು ಹೆಸ್ಟರ್‌ಳ ಬೆರಳಲ್ಲಿ ಇನ್ನೂ ಇದ್ದಂತಿತ್ತು.

"ರಜೇಲೇ ಇದೀನಿ ಸರ್. ಕೂತ್ಕೊಳ್ಳಿ. ಕರ್ನಲ್ ನಿಮ್ಮ ವಿಷಯಾನೇ ಹೇಳ್ತಾ ಇದ್ರು. ನಿಮ್ಮನ್ನ ಎರಡನೇ ಸಲ ನೋಡಿದಾಗ ಮಿಸ್ ಸ್ಕಾಡಿಂಗ್ ಏನಂದ್ರು ಅಂತ."

ಗಾರ್ಸೈಡ್ ಅವಳನ್ನೇ ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಹಿಂದಕ್ಕೆ ಕೈ ಚಾಚಿ ಬಾಗಿಲು ಮುಚ್ಚಿದ. ಆಮೇಲೆ ಬೀಗದ ಕೀ ತಿರುಗಿಸಿ, ಅದನ್ನು ಜೇಬಿಗಿಳಿಸಿದ.

"ಮೈಲ್ಸ್," ಎಂದ, ಕಣ್ಣು ಅವಳ ಮೇಲಿಂದ ಕೀಳದೆ. "ಪಾಪ, ಈ ಹುಡುಗಿಗೆ ಮೈ ಸರಿಯಿಲ್ಲ. ನೀನು ಆ ಕಿಟಕಿ ಹತ್ರ ಹೋಗಿ ಪರದೆ ಎಳಿ."

ಕರ್ನಲ್ ಕೆನ್‌ವರ್ಡ್ ಎದ್ದು ನಿಂತ. ಅವನು ಕಿಟಕಿಯ ಕಡೆ ಹೋಗಲಿಲ್ಲ. ಒಲೆಯ ಪಕ್ಕದ ಗೋಡೆಗೆ ತೂಗುಹಾಕಿದ್ದ ಬೇಟೆಯ ಬಂದೂಕನ್ನು ಇಳಿಸಿಕೊಂಡು ಗುಂಡು ಹಾರಿಸಲು ಸಜ್ಜುಗೊಳಿಸಿದ. ಅದರ ನಳಿಗೆ ಒಮ್ಮೆ ಗಾರ್ಸೈಡ್‌ನ ಕಡೆ ವಾಲಿತು, ಒಮ್ಮೆ ಹೆಸ್ಟರ್‌ಳ ಕಡೆ ವಾಲಿತು. ಯಾರ ಎದೆಗೆ ಗುರಿ ಹಿಡಿಯಬೇಕೆಂದು ಹಿಡಿದವನಿಗೇ ಇನ್ನೂ ತಿಳಿದಿರಲಿಲ್ಲ.